ನಿಧಾನದವರು ಮುಂದೆ

ಹೊಸನಗರದ ಮಾಸ್ತಪ್ಪ ಸೈಕಲ್ ಹತ್ತಿದನೆಂದರೆ ಸಾಗರದಿಂದ ಬರುವ ಬಸ್ಸು ಹಿಂದೆ ಬೀಳುತ್ತಿತ್ತು, ಗಾಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು, ಅವನ ಗಂಟೆಯ ಸದ್ದಿಗೆ ಅಲ್ಲಿ ತೀರ್ಥಹಳ್ಳಿಯಲ್ಲಿ ಕರುಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಸರಿ ಸರಿ, ಮುಖ ಹಾಗೆ ಮಾಡಬೇಡಿ. ಇದರಲ್ಲಿ ಅರ್ಧ ಸುಳ್ಳು. ಬಸ್ಸು ಹಿಂದೆ ಬಿದ್ದದ್ದು ನಿಜ. ಆಗ ಅದರ ಡ್ರೈವರು ಇಳಿದು ಚಹಾ ಕುಡಿಯುತ್ತಿದ್ದ ಎಂಬುದೂ ನಿಜ. ಕರುಗಳ ವಿಷಯ ಬಿಟ್ಟುಬಿಡಿ.

ಆದರೆ ಮಾಸ್ತಪ್ಪನಿಗೆ ಸೈಕಲ್ಲೆಂದರೆ ಪ್ರಾಣ ಎಂಬುದರಲ್ಲಿ ಸಾಸಿವೆಯಷ್ಟೂ ಸುಳ್ಳಿಲ್ಲ. ವಾರದ ಆರು ದಿನ ಅವನು ಸೊಸೈಟಿಯಲ್ಲಿ ಕೂತು ಊರವರಿಗೆ ರೇಷನ್ ಸಕ್ಕರೆ ತೂಗಿ ಕೊಡುತ್ತಿದ್ದ. ಕೂತು ಕೂತು ಬೆನ್ನು ತಕ್ಕಡಿಯ ಕೊಕ್ಕೆಯ ಹಾಗೆ ಬಾಗಿತ್ತು. ಭಾನುವಾರ ಸೈಕಲ್ ಹತ್ತಿ ನಗರವೆಂಬ ಪಕ್ಕದ ಊರಿನ ಕೋಟೆಯವರೆಗೆ ಹೋಗಿ ಬಂದರೆ ಆ ಬೆನ್ನು ನೆಟ್ಟಗಾಗುತ್ತಿತ್ತು. ಬಂದವನು ಹೆಂಡತಿ ಯಮುನಮ್ಮನ ಹತ್ತಿರ ನಾಲ್ಕು ಮಾತು ಹೆಚ್ಚಿಗೆ ಆಡುತ್ತಿದ್ದ. ಯಮುನಮ್ಮನಿಗೆ ಸೈಕಲ್ಲಿನ ಮೇಲೆ ಪ್ರೀತಿ ಹುಟ್ಟಿದ್ದೇ ಆ ನಾಲ್ಕು ಮಾತಿನಿಂದ.

ಮಳೆಗಾಲದ ತಿಂಗಳುಗಳಲ್ಲಿ ಸೈಕಲ್ಲನ್ನು ಜಂತಿಗೆ ನೇತು ಹಾಕುವುದು ಆ ಮನೆಯ ಪದ್ಧತಿ. ಕತ್ತಿ, ಬೀಗ, ನೇಗಿಲಿನ ಗುಳ, ಕಬ್ಬಿಣ ಎಂಬ ಕಬ್ಬಿಣಕ್ಕೆಲ್ಲ ಮಳೆ ಹಿಡಿಯುವ ಮೊದಲು ಹೊನ್ನೆ ಎಣ್ಣೆ ಸವರುತ್ತಾರಲ್ಲ, ಆ ವರ್ಷ ಗಂಡನಿಗೆ ಬಿಡುವಾಗಲಿಲ್ಲವೆಂದು ಸೈಕಲ್ಲಿಗೂ ಯಮುನಮ್ಮನೇ ಸವರಿದ್ದಳು.

ದೀಪಾವಳಿ ಕಳೆದ ಮೊದಲ ಭಾನುವಾರ ಮಾಸ್ತಪ್ಪ ಸೈಕಲ್ಲನ್ನು ಇಳಿಸಿದ. ಹ್ಯಾಂಡಲ್ಲನ್ನೂ ಸೀಟನ್ನೂ ಟವಲಿನಲ್ಲಿ ಒರೆಸಿ ಹೊರಟೇಬಿಟ್ಟ. ಯಾವ ಕಡೆಗೆ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಊರೊಳಗೆ ಬ್ರೇಕು ಹಿಡಿಯುವ ಪ್ರಸಂಗವೇ ಬರಲಿಲ್ಲ. ನಗರದ ದಾರಿಯ ಇಳಿಜಾರಿನಲ್ಲಿ ಹಿಡಿದರೆ ಸೈಕಲ್ಲು ನಿಲ್ಲಲಿಲ್ಲ. ತಿರುವಿನಲ್ಲಿ ಸೈಕಲ್ಲು ರಸ್ತೆ ಬಿಟ್ಟು ಪೊದೆ ಹಾರಿ ಕೆಳಗಿನ ಹಳ್ಳಕ್ಕೆ ಬಿತ್ತು, ಜೊತೆಗೆ ಅವನೂ.

ಬಲಗಾಲು ಊರಲಾಗಲಿಲ್ಲ. ಮೇಲೆ ರಸ್ತೆಯಲ್ಲಿ ಮರದ ನಾಟಾ ತುಂಬಿದ ಎರಡು ಲಾರಿಗಳು ಹಾದುಹೋದವು. ಹಳ್ಳದಲ್ಲಿದ್ದವನು ಯಾರ ಕಣ್ಣಿಗೂ ಬೀಳಲಿಲ್ಲ. ಕೂಗಿ ಕೂಗಿ ಗಂಟಲು ಹೋಯಿತು. ಇತ್ತ ಯಮುನಮ್ಮ, ಗಂಡ ಸಾಗರದ ದಾರಿಯಲ್ಲಿರುವ ತಂಗಿಯ ಮನೆಗೆ ಹೋಗಿರಬೇಕೆಂದು ಆ ಕಡೆಗೆ ಜನ ಕಳಿಸಿದ್ದಳು. ಸಂಜೆ ನಗರದಿಂದ ಬರುತ್ತಿದ್ದ ಹುಲ್ಲಿನ ಗಾಡಿಯವನಿಗೆ ಹಳ್ಳದೊಳಗಿಂದ ಸೈಕಲ್ ಗಂಟೆ ಕೇಳಿಸಿತು. ಕೂಗಲು ದನಿಯಿಲ್ಲದೆ ಮಾಸ್ತಪ್ಪ ಗಂಟೆ ಬಾರಿಸುತ್ತ ಮಲಗಿದ್ದ.

ಸರ್ಕಾರಿ ನರ್ಸು ಅನ್ನಪೂರ್ಣೇಶ್ವರಿ ಕಾಲಿಗೆ ಪಟ್ಟಿ ಕಟ್ಟಿದರು. ಯಮುನಮ್ಮನ ಅತ್ತೆ ದುಗ್ಗಮ್ಮ ಬೇರೆಯೇ ಕಾರಣ ಹೇಳಿದಳು.

"ಅದು ಚೌಡಿ ಇರೋ ತಿರುವು ಕಣೋ. ಅವ್ಳೇ ಹಿಂದಿಂದ ಕೈ ಹಾಕಿದ್ದು. ಹೌದೋ ಅಲ್ವೋ?"

"ಹೌದವ್ವ," ಎಂದ ಮಾಸ್ತಪ್ಪ. ಚೌಡಿ ದೇವತೆಗೆ ಒಂದು ಕೋಳಿ ಬಲಿ ಹೋಯಿತು.

ಯಮುನಮ್ಮ ಸೈಕಲ್ಲನ್ನು ರಿಪೇರಿ ಮಾಡಿಸಿ, ಮತ್ತೆ ಎಣ್ಣೆ ಸವರಿ, ಜಂತಿಗೆ ಮೂರು ಗಂಟು ಹಾಕಿ ಬಿಗಿದಳು. ಆನೆ ಬಂದು ಎಳೆದರೂ ಬಿಚ್ಚಬಾರದು, ಹಾಗೆ.

ಒಂದೂವರೆ ತಿಂಗಳಿಗೆ ಕಾಲು ಸರಿಯಾಯಿತು. ಮನುಷ್ಯ ಸರಿಯಾಗಲಿಲ್ಲ. ಭಾನುವಾರ ಬಂತೆಂದರೆ ಜಗಲಿಯಲ್ಲಿ ಕೂತು ಜಂತಿ ನೋಡುತ್ತಿದ್ದ. ಊಟಕ್ಕೆ ಬನ್ನಿ ಎಂದರೆ ಹ್ಞೂಂ. ಮಲಗಿ ಎಂದರೆ ಹ್ಞೂಂ. ಆ ನಾಲ್ಕು ಮಾತು ಎತ್ತ ಹೋದವೋ. ಗಂಟು ಬಿಚ್ಚಿದರೆ ಗಂಡ ಮನೆಗೆ ಬರುತ್ತಾನೋ ಇಲ್ಲವೋ ಎಂದು ಯಮುನಮ್ಮನಿಗೆ ಹೆದರಿಕೆ. ಬಿಚ್ಚದಿದ್ದರೆ, ಮನೆಯಲ್ಲೇ ಕೂತವನು ದಿನಕ್ಕಿಷ್ಟು ಕರಗುತ್ತಿದ್ದಾನೆ ಎಂಬುದೂ ಅವಳಿಗೆ ಕಾಣುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ಶನಿವಾರ ಸೈಕಲ್ ಶಾಪಿನ ಜಟ್ಟಿಂಗಪ್ಪ ಬಂದ. ಹಿಂದೆಯೇ ತಮ್ಮ ಲೇಡೀಸ್ ಸೈಕಲ್ಲು ತಳ್ಳಿಕೊಂಡು ನರ್ಸಮ್ಮ.

"ಅತ್ಗೆ, ಕಾಫಿ ಆಮೇಲೆ ಕೊಡಿ. ಮೊದ್ಲು ಮಾಸ್ತಣ್ಣನ್ನ ಕೊಡಿ," ಎಂದ ಜಟ್ಟಿಂಗಪ್ಪ. "ನಾಳೆ ಭಾನುವಾರ ನಗರಕ್ಕೆ ಹೊಂಟಿದೀವಿ. ಏಳು ಸೈಕಲ್ಲು."

"ಏಳು ಸೈಕಲ್ಲಾದ್ರೆ ಏಳು ಕಾಲು ಮುರೀತಾವೆ, ಅಷ್ಟೇಯ. ಒಂದು ಕಾಲು ನೋಡ್ಕಂಡೇ ನಂಗೆ ಸಾಕಾಗಿದೆ ಮಾರಾಯ."

ನರ್ಸಮ್ಮ ನಕ್ಕು ಜಗಲಿಯ ಮೇಲೆ ಕೂತರು. "ಯಮುನಮ್ಮ, ಅವತ್ತು ಇವ್ರು ಬಿದ್ದಿದ್ದು ಎಷ್ಟೊತ್ತಿಗೆ?"

"ಒಂಬತ್ತು ಗಂಟೆಗಂತೆ."

"ನನ್ ಹತ್ರ ಬಂದಿದ್ದು?"

ಆ ದಿನದ ಒಂದೊಂದು ಗಳಿಗೆಯೂ ಯಮುನಮ್ಮನಿಗೆ ಬಾಯಿಪಾಠವಾಗಿತ್ತು. "ದೀಪ ಹಚ್ಚಿದ ಮೇಲೆ," ಎಂದಳು.

"ಕಾಲು ಉಳುಕಿದ್ದು ಒಂದು ಕ್ಷಣದ ಕೆಲ್ಸ. ಅಷ್ಟು ಕೆಟ್ಟಿದ್ದು ಇಡೀ ದಿನ ಒಬ್ರೇ ಬಿದ್ದಿದ್ದಕ್ಕೆ. ಜೊತೇಲಿ ಒಬ್ರು ಇದ್ದಿದ್ರೆ ಹತ್ತು ಗಂಟೆಗೆಲ್ಲ ಪಟ್ಟಿ ಕಟ್ತಿದ್ದೆ."

"ಜೊತೆ ಇದ್ರೆ ಚೌಡಿ ಬಿಡ್ತಾಳಾ?" ಒಳಗಿಂದ ದುಗ್ಗಮ್ಮ ಕೇಳಿದಳು.

"ಏಳು ಜನನ್ನ ತಳ್ಳಕ್ಕೆ ಚೌಡಿಗೂ ಕೈ ಸಾಲಲ್ಲ ದುಗ್ಗಜ್ಜಿ," ಎಂದ ಜಟ್ಟಿಂಗಪ್ಪ.

ಯಮುನಮ್ಮ ಸೊಂಟಕ್ಕೆ ಕೈಯಿಟ್ಟಳು. "ಗಂಡಸ್ರು ಏಳು ಜನ ಸೇರಿದ್ರೆ ಪಂದ್ಯ ಕಟ್ದೆ ಇರ್ತೀರಾ? ನಾನು ಮುಂದೆ, ತಾನು ಮುಂದೆ ಅಂತ."

"ಆರು ಗಂಡಸ್ರು, ನಾನೊಬ್ಳು," ಎಂದರು ನರ್ಸಮ್ಮ. "ನಮ್ಮಲ್ಲಿ ಎಲ್ಲಕ್ಕಿಂತ ನಿಧಾನದವ್ರು ಮುಂದೆ ಇರ್ತಾರೆ. ಅವ್ರನ್ನ ಯಾರೂ ದಾಟಂಗಿಲ್ಲ. ಅವ್ರು ಹೋದಷ್ಟೇ ಜೋರು, ಅವ್ರಿಗೆ ದಣಿವಾದ್ರೆ ಎಲ್ರಿಗೂ ದಣಿವು. ಗಟ್ಟಿ ಕಾಲಿನವ್ರು ಹಿಂದೆ."

"ಲಾರಿ ಬಂದ್ರೆ?"

"ಕೊನೇಲಿ ಇರೋಳು ನಾನು, ಸೀಟಿ ನನ್ ಹತ್ರ. ಊದಿದ ತಕ್ಷಣ ಎಡಕ್ಕೆ ಸರಿದು ಒಂದೇ ಸಾಲು. ಇಕ್ಕಟ್ಟಾದ್ರೆ ಇಳ್ದೇ ನಿಲ್ಲೋದು."

"ಪಂಚರ್ ಆದ್ರೆ?"

"ಒಬ್ರದ್ದು ಆದ್ರೆ ಎಲ್ರೂ ನಿಲ್ತೀವಿ," ಎಂದ ಜಟ್ಟಿಂಗಪ್ಪ. "ಪಂಪು, ತೇಪೆ ನನ್ ಚೀಲದಲ್ಲಿ ಇರ್ತಾವೆ. ಮತ್ತೆ ಹೊರಡೋ ಮುಂಚೆ ನಮ್ ಬ್ರೇಕು ನಾವು ನೋಡಿದ್ರೆ ಸಾಲಲ್ಲ, ಪಕ್ಕದವ್ರೂ ಒಂದ್ಸಲ ನೋಡ್ಬೇಕು. ನಮ್ ಸೈಕಲ್ಲಿನ ತಪ್ಪು ನಮ್ ಕಣ್ಣಿಗೆ ಕಾಣಲ್ಲ ನೋಡಿ." ಆಮೇಲೆ ಜಂತಿಯ ಕಡೆ ನೋಡಿ ಮೂತಿ ಉದ್ದ ಮಾಡಿದ. "ಆದ್ರೆ ಆ ಸೈಕಲ್ಲು ಈಗ ತುಕ್ಕಿನ ಮುದ್ದೆ ಆಗಿರ್ತದೆ, ಬಿಡಿ."

"ತುಕ್ಕಾ? ನನ್ ಮನೇಲಿ ತುಕ್ಕಾ?"

ಮೂರು ತಿಂಗಳು ಗಂಡ ಬಿಚ್ಚೆಂದು ಬಾಯಿಬಿಡದ ಗಂಟುಗಳನ್ನು ಯಮುನಮ್ಮ ಸಿಟ್ಟಿನಲ್ಲಿ ತಾನೇ ಬಿಚ್ಚಿದಳು. ಸೈಕಲ್ಲು ಕೆಳಗಿಳಿಯಿತು. "ನೋಡು! ಒಂದು ಚುಕ್ಕಿ ತುಕ್ಕು ತೋರ್ಸಿದ್ರೆ ನನ್ ಹೆಸ್ರು ಬದ್ಲಾಯಿಸ್ತೀನಿ. ಹ್ಯಾಂಡಲ್ಲು, ಚೈನು, ರಿಮ್ಮು, ಯಾವುದನ್ನೂ ಬಿಟ್ಟಿಲ್ಲ. ಮಳೆಗಾಲದ ಮುಂಚೆನೂ ಹಿಂಗೇ ತಿಕ್ಕಿ ತಿಕ್ಕಿ ಹಚ್ಚಿದ್ದೆ."

ಜಟ್ಟಿಂಗಪ್ಪ ಹಿಂದಿನ ಚಕ್ರ ಎತ್ತಿ ತಿರುಗಿಸಿ ಬ್ರೇಕು ಒತ್ತಿದ. ಚಕ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು. ಅವನು ರಿಮ್ಮಿಗೆ ಹೆಬ್ಬೆರಳು ತಾಗಿಸಿ ಮೂಸಿದ. ಬಾಯಿ ತೆರೆದವನು ಮಾಸ್ತಪ್ಪನ ಮುಖ ನೋಡಿ ಸುಮ್ಮನಾದ. ಮಾಸ್ತಪ್ಪ ಬೇಡವೆಂದು ತಲೆಯಾಡಿಸುತ್ತಿದ್ದ.

ಯಮುನಮ್ಮನ ಕಣ್ಣಿಗೆ ಅದು ಬಿತ್ತು. ಅವಳು ಬಗ್ಗಿ ತಾನೂ ರಿಮ್ಮು ಮುಟ್ಟಿದಳು. ತಾನೂ ಬ್ರೇಕು ಒತ್ತಿದಳು. ಚಕ್ರ ನಿಲ್ಲಲಿಲ್ಲ. ಎಣ್ಣೆಯ ಬೆರಳು ಹಿಡಿದುಕೊಂಡು ಹಾಗೆಯೇ ಮೆಟ್ಟಿಲ ಮೇಲೆ ಕೂತಳು.

"ನಿಮ್ಗೆ ಗೊತ್ತಿತ್ತಾ?"

"ಹ್ಞೂಂ," ಎಂದ ಮಾಸ್ತಪ್ಪ. "ಹಳ್ಳದಲ್ಲಿ ಬಿದ್ದಿದ್ದಾಗ ರಿಮ್ಮು ಹಿಡ್ಕಂಡ ಅಂಗೈಯೆಲ್ಲ ಹೊನ್ನೆ ಎಣ್ಣೆ ವಾಸ್ನೆ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅನ್ನ ನೀರು ಬಿಡ್ತಿದ್ದೆ. ಚೌಡಿ ಆದ್ರೆ ಒಂದು ಕೋಳಿಗೆ ಸುಮ್ನಾಗ್ತಾಳೆ."

ಯಮುನಮ್ಮನ ಕಣ್ಣಿನಲ್ಲಿ ಬಂದ ನೀರಿಗೆ ಶರಾವತಿಯೇ ತುಂಬಿ ಹರಿಯಬೇಕಿತ್ತು. ಅಷ್ಟರಲ್ಲಿ ದುಗ್ಗಮ್ಮ ಬಾಗಿಲಿಗೆ ಬಂದು ನಿಂತಳು. "ಹಂಗಾದ್ರೆ ನನ್ ಕೋಳಿ? ಮೊಟ್ಟೆ ಇಡೋ ಕೋಳಿ ಸುಮ್‌ಸುಮ್ನೆ ಹೋಯ್ತಲ್ಲೋ!"

ಮೊದಲು ನಕ್ಕವಳು ಯಮುನಮ್ಮನೇ. ಅಳುತ್ತಲೇ ನಕ್ಕಳು. ಆಮೇಲೆ ಎಲ್ಲರೂ.

"ಎಣ್ಣೆ ಹಚ್ಚಿದ್ದು ತಪ್ಪಲ್ಲ ಅತ್ಗೆ," ಎಂದ ಜಟ್ಟಿಂಗಪ್ಪ ಮೆಲ್ಲಗೆ. "ಚೈನಿಗೆ ಹಚ್ಚಿ, ನಟ್ಟಿಗೆ ಹಚ್ಚಿ. ರಿಮ್ಮಿಗೆ ಮಾತ್ರ ಬೇಡ. ರಬ್ಬರು ರಿಮ್ಮನ್ನ ಕಚ್ಚಿ ಹಿಡೀಬೇಕು, ಎಣ್ಣೆ ಇದ್ರೆ ಜಾರ್ತದೆ. ಅವತ್ತು ಬೆಳಿಗ್ಗೆ ಇನ್ನೊಬ್ಬ ನಿಂತು ಒಂದ್ಸಲ ಬ್ರೇಕು ಒತ್ತಿ ನೋಡಿದ್ರೆ ಸಾಕಿತ್ತು. ಒಬ್ನೇ ಇದ್ದ, ನೋಡೋರು ಇರ್ಲಿಲ್ಲ."

ಆ ಸಂಜೆ ಯಮುನಮ್ಮ ಅಂಟುವಾಳದ ನೊರೆ, ಬೂದಿ ಹಾಕಿ ರಿಮ್ಮುಗಳನ್ನು ಮೂರು ಸಲ ತಿಕ್ಕಿದಳು. ಅವು ಹೊಳೆದ ಹೊಳಪಿಗೆ ಹುಂಜ ಬೆಳಗಾಯಿತೆಂದು ಕೂಗಿತು. ಹೂಂ, ಇದೂ ಅರ್ಧ ಸುಳ್ಳೇ. ಜಟ್ಟಿಂಗಪ್ಪ ಎಣ್ಣೆ ಕುಡಿದ ರಬ್ಬರು ಕಿತ್ತು ಹೊಸದು ಹಾಕಿದ.

ಬೆಳಿಗ್ಗೆ ಶಾಪಿನ ಮುಂದೆ ಎಂಟು ಸೈಕಲ್ಲು ನಿಂತವು. ಯಮುನಮ್ಮ ಬಂದವಳು ಎಂಟರ ಬ್ರೇಕನ್ನೂ ಒತ್ತಿ ನೋಡಿದಳು. ಸೊಸೆ ಹುಡುಕುವ ಅತ್ತೆ ಕೂಡ ಅಷ್ಟು ಕಣ್ಣಿಟ್ಟು ನೋಡುವುದಿಲ್ಲ.

"ಯಾವ ದಾರಿ?" ಎಂದು ಗಂಡನನ್ನು ಕೇಳಿದಳು.

"ನಗರದ್ದು. ಹೋದ ದಾರೀಲೇ ವಾಪಸ್ಸು."

"ಎಷ್ಟೊತ್ತಿಗೆ?"

"ಮೂರು ಗಂಟೆ ಒಳಗೆ."

"ಮೂರೂ ಕಾಲಾದ್ರೆ ನಾನೇ ಬರ್ತೀನಿ, ನೆನ್ಪಿರ್ಲಿ."

ಕಾಲು ಇನ್ನೂ ಹದಕ್ಕೆ ಬಂದಿರಲಿಲ್ಲವಾದ್ದರಿಂದ ಆ ದಿನ ಎಲ್ಲರಿಗಿಂತ ನಿಧಾನದವನು ಮಾಸ್ತಪ್ಪ. ಹಾಗಾಗಿ ಬಸ್ಸನ್ನೇ ಹಿಂದೆ ಹಾಕಿದವನು ದಿಬ್ಬಣದ ಮದುಮಗನ ಹಾಗೆ ಮುಂದೆ ಮುಂದೆ, ಮೆಲ್ಲಗೆ ಹೊರಟ. ಉಳಿದ ಏಳು ಹಿಂದೆ.

ಯಮುನಮ್ಮ ಎರಡೂವರೆಗೇ ರಸ್ತೆಗೆ ಬಂದು ನಿಂತಳು. ಮೂರಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಗಂಟೆ ಕೇಳಿಸಿತು. ಒಂದಲ್ಲ, ಎಂಟು. ಅವಳು ಬೆರಳು ಮಡಚಿ ಎಣಿಸಿದಳು, ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಿದಳು.

ಮಾಸ್ತಪ್ಪನ ಬೆನ್ನು ನೆಟ್ಟಗಿತ್ತು. "ಆ ತಿರುವಲ್ಲಿ ನನ್ ಕಾಲು ನಡುಗ್ತು ಕಣೆ," ಎಂದ. "ಇಳ್ದೆ. ಹಿಂದಿನ ಏಳೂ ಜನ ಇಳಿದ್ರು. ಒಬ್ರೂ ನಗ್ಲಿಲ್ಲ. ನಡ್ಕಂಡೇ ದಾಟಿದ್ವಿ. ಆಮೇಲೆ ಪಂಚರ್ ಆಗಿದ್ದು ಯಾರ್ದು ಹೇಳು? ಜಟ್ಟಿಂಗಪ್ಪಂದೇ!" ಹಿಂದಿನ ನಾಲ್ಕು ಮಾತಿಗೆ ಬಡ್ಡಿ ಸೇರಿಸಿ, ಊಟ ಆರುವವರೆಗೆ ಆಡಿದ.

ಕೇಳಿದಿರಲ್ಲ? ಹೊಸನಗರದವರೇ, ಸಾಗರದವರೇ, ತೀರ್ಥಹಳ್ಳಿಯವರೇ, ನಿಮ್ಮ ಮನೆಯಲ್ಲೂ ಜಂತಿಯಲ್ಲಿ ಸೈಕಲ್ಲೊಂದು, ಜಗಲಿಯಲ್ಲಿ ಬೆನ್ನು ಬಾಗಿದವರೊಬ್ಬರು ಇರಬೇಕು. ಇಬ್ಬರನ್ನೂ ಇಳಿಸಿ ಕರೆತನ್ನಿ. ಭಾನುವಾರ ಬೆಳಿಗ್ಗೆ ನಿಮ್ಮ ಊರಿನ ಸೈಕಲ್ ಶಾಪಿನ ಮುಂದೆ ನಾಲ್ಕು ಜನ ಸೇರಿದರೂ ಸಾಕು. ಸಾಗರದವರಿಗೆ ವರದಹಳ್ಳಿ ಇದೆ, ತೀರ್ಥಹಳ್ಳಿಯವರಿಗೆ ಕವಲೇದುರ್ಗದ ಬುಡ ಇದೆ. ಸೈಕಲ್ಲಿಲ್ಲವೇ? ಬಾಡಿಗೆಗೆ ಸಿಗುತ್ತದೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿ ಬನ್ನಿ. ಪಕ್ಕದವರ ಬ್ರೇಕು ನೋಡಿ, ನಿಮ್ಮದನ್ನು ಅವರಿಗೆ ತೋರಿಸಿ. ನಿಧಾನದವರನ್ನು ಮುಂದೆ ಬಿಡಿ. ಒಬ್ಬರೇ ಮಾತ್ರ ಹೋಗಬೇಡಿ.

ಇನ್ನೊಂದು ಸುದ್ದಿ ಉಳಿಯಿತು. ಆ ಭಾನುವಾರದ ನಂತರ ನರ್ಸಮ್ಮನ ಲೇಡೀಸ್ ಸೈಕಲ್ಲು ಸಂಜೆಯ ಹೊತ್ತು ಶಾಲೆಯ ಬಯಲಿನಲ್ಲಿ ಸುತ್ತುವುದನ್ನು ಜನ ಕಂಡರು. ನರ್ಸಮ್ಮ ಅದರ ಮೇಲಿರಲಿಲ್ಲ, ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಇತ್ತ ದುಗ್ಗಮ್ಮ ಸೊಸೆಯ ತರಚಿದ ಮೊಣಕಾಲಿಗೆ ಅರಿಶಿನ ಹಚ್ಚುತ್ತ, "ಈ ಸಲ ಚೌಡಿಗೆ ಕೋಳಿ ಕೊಡಲ್ಲ ನೋಡು," ಎನ್ನುತ್ತಿದ್ದಳು. ಯುಗಾದಿ ಕಳೆದ ಮೊದಲ ಭಾನುವಾರ ನಗರದ ದಾರಿಯಲ್ಲಿ ಒಂಬತ್ತು ಸೈಕಲ್ಲು ಹೋದವು. ಮಾಸ್ತಪ್ಪ ಎರಡನೆಯವನು. ಅವನಿಗಿಂತ ಮುಂದೆ, ಎಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಕಿಲ್ಲದ ಕಡೆಯೆಲ್ಲ ಗಂಟೆ ಬಾರಿಸುತ್ತ ಹೋದವರು ಯಾರು? ಎಲ್ಲವನ್ನೂ ಇಲ್ಲೇ ಹೇಳಿದರೆ ನಿಮಗೇನು ಕೆಲಸ? ನೀವೇ ಹೇಳಿ ನೋಡೋಣ.