ನಿಂಬೆಹಣ್ಣಿನ ಬೆರಳು

ತಂಗಿಯ ಮದುವೆಯ ದಿನವೇ ಕಂಠಪ್ಪನ ಬೆರಳಿಗೆ ಉಗುರುಸುತ್ತು. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವು ಅನ್ನುವುದು ಸುಳ್ಳಲ್ಲ. ಅದೂ ಯಾವ ಬೆರಳು? ಎಡಗೈಯ ಉಂಗುರದ ಬೆರಳು! ಗಿಟಾರ್ ಬಾರಿಸುವವನಿಗೆ ಅದಿಲ್ಲದಿದ್ದರೆ ಅರ್ಧ ಕೈಯೇ ಇಲ್ಲ. ಅವ್ವ ಪುಟ್ಟಮಲ್ಲಮ್ಮ ನಿಂಬೆಹಣ್ಣಿಗೆ ತೂತು ಕೊರೆದು, ಅರಿಶಿನ ತುಂಬಿ, ಬೆರಳಿಗೆ ಟೋಪಿಯಂತೆ ಸಿಕ್ಕಿಸಿದ್ದಳು. "ತೆಗ್ದೀಯ, ಜೋಕೆ!"

ಕೆ.ಆರ್.ನಗರದ ಪಕ್ಕ ಆಲೆಮನೆ ಇಟ್ಟಿದ್ದ ಅಪ್ಪ ಚಿಕ್ಕಬಸಪ್ಪನಿಗೆ ಮಗನ ಗಿಟಾರ್ ಕಂಡರೆ ಮೈಯೆಲ್ಲ ಉರಿ. ಪಿರಿಯಾಪಟ್ಟಣದಾಚೆಯ ಕಾಫಿತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರೊಬ್ಬರು ಊರು ಬಿಡುವಾಗ ಕೊಟ್ಟುಹೋದದ್ದು ಅದು. ಜೊತೆಗೆ ಮೂರು ಕಾರ್ಡನ್ನೂ ಕಲಿಸಿದ್ದರು. ಕಾರ್ಡೆಂದರೆ ಸ, ಗ, ಪ ಎನ್ನುವಂತೆ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಆ ಮೂರನ್ನೇ ಕಂಠಪ್ಪ ದಿನವಿಡೀ ಬಡಿಯುತ್ತಿದ್ದ.

"ಎಣ್ಣೆ ಕಾಣದ ಗಾಣ ಕಿರುಗುಟ್ದಂಗದೆ. ಅಂಪಾಪುರದ ಬೀಗ್ರ ಮುಂದೆ ಬಾರ್ಸು ನೋಡಾನ. ಅವ್ರು ಮೂಗು ಮುರುದ್ರೋ, ಅದು ಆಲೆಮನೆ ಒಲೆಗೆ, ತಿಳ್ಕ!" ಅಂದಿದ್ದ ಚಿಕ್ಕಬಸಪ್ಪ. ಅವನು ಆಡಿದರೆ ಆಡಿದ್ದೇ. ಹೋದ ವರ್ಷ ಕಿರುಗುಟ್ಟುತ್ತಿದ್ದ ಮಂಚವನ್ನೂ ಹಾಗೆಯೇ ಒಲೆಗೆ ಹಾಕಿದ್ದ.

ಮಧ್ಯಾಹ್ನ ಕಂಠಪ್ಪ ಹಿತ್ತಿಲ ಹುಲ್ಲುಮೆದೆಯ ಹಿಂದೆ ಗಿಟಾರನ್ನು ತಬ್ಬಿ ಕೂತಿದ್ದ. ಹುಡುಕಿಕೊಂಡು ಬಂದವಳು ಮದುವಣಗಿತ್ತಿ ತಂಗಿ ಶಿವನಂಜಮ್ಮ.

"ಸಂಜೆ ನಾ ಪದ ಆಡ್ತೀನಿ, ನೀ ಬಾರ್ಸಣ್ಣ."

"ಎಂಗವ್ವ ಬಾರಿಸ್ಲಿ? ನಿಂಬೆಹಣ್ಣು ಅಡ್ಡ ಬಂದು ಕಿರುಬೆರಳೂ ಮಡಚಕ್ಕಾಗಲ್ಲ. ಎರಡೇ ಬೆರಳು ಆಡೋದು."

"ಎರಡ್ರಾಗೇ ಬಾರ್ಸು. ಅದಕ್ಯಾಕಿಷ್ಟು ರಾಗ!"

ಕಬ್ಬಿನಂತೆ ತಂತಿಯನ್ನೂ ಹಿಂಡಿದಷ್ಟೂ ರಸ ಎಂದು ನಂಬಿದ್ದ ಪುಣ್ಯಾತ್ಮ ಅವನು. ಇದ್ದ ಬೆರಳನ್ನೆಲ್ಲ ಕೂರಿಸಿ ಅದುಮಿ, ಪಕ್ಕದ ತಂತಿಯ ಕತ್ತನ್ನೂ ಹಿಸುಕುತ್ತಿದ್ದ. ಈಗ ಬೇರೆ ದಾರಿಯಿಲ್ಲದೆ ದಪ್ಪ ತಂತಿಗಳೆರಡರ ಮೇಲೆ ಎರಡು ಬೆರಳಿಟ್ಟು, ಮಿಕ್ಕ ತಂತಿಗಳನ್ನು ಮುಟ್ಟದೆ ಬಿಟ್ಟು ಮೀಟಿದ. ಬಿಟ್ಟ ತಂತಿಗಳೆಲ್ಲ ಝೇಂ ಎಂದವು! ಸ, ಗ, ಪ ಜೊತೆಗೆ ಕರೆಯದೆ ಬಂದ 'ದ' ಸ್ವರ. ಅದೇ ಎರಡು ಬೆರಳನ್ನು ಒಂದೊಂದು ತಂತಿ ಕೆಳಗೆ ಸರಿಸಿದರೆ ಎರಡನೆಯ ಕಾರ್ಡು, ಈ ಸಲ ನಿ ಕೂಡಿಕೊಂಡಿತ್ತು. ಮೂರನೆಯದಕ್ಕೆ ಸಣ್ಣ ತಂತಿಗಳಿಗೆ ಇಳಿದು, ನಡುವಿನದೊಂದನ್ನು ಖಾಲಿ ಬಿಟ್ಟ.

"ಅಯ್ಯೋ, ಇವು ಅವೇ ಕಾರ್ಡಾ? ಮದ್ಲು ಬರೀ ಮುದ್ದೆ ಇಕ್ದಂಗಿತ್ತು. ಈಗ ಸಾರು, ಪಲ್ಯ, ತುಪ್ಪ ಎಲ್ಲಾ ಬಂದಂಗದೆ ಕಣಣ್ಣ!" ಎಂದಳು ಶಿವನಂಜಮ್ಮ.

ಸಂಜೆ ಚಪ್ಪರದಲ್ಲಿ ಅವಳು ಹಾಡಿದಳು, ಇವನು ನಿಂಬೆಹಣ್ಣನ್ನು ಮೇಲೆತ್ತಿಕೊಂಡೇ ನುಡಿಸಿದ. ಮುಗಿದಾಗ ಎಲ್ಲರ ಕಣ್ಣೂ ಬೀಗರತ್ತ ಹೊರಳಿತು. ಕಂಠಪ್ಪ ಗಿಟಾರನ್ನು ಎದೆಗವಚಿಕೊಂಡ. ಮದುಮಗನ ತಂದೆ ಸಿದ್ದಮಲ್ಲಪ್ಪ ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು ಕೂತಿದ್ದ. ಎದ್ದುಹೋಗಿ ಉಗುಳಿ ಬಂದು, "ಇನ್ನೊಂದ್ಸಲ ಆಗ್ಲಿ ಕಣ್ರೀ, ಬೀಗ್ರೇ!" ಎಂದ.

ಉಸ್ಸಪ್ಪಾ! ಹೋದ ಜೀವ ಬಂದಂತಾಯಿತು. ಕಂಠಪ್ಪನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಚಿಕ್ಕಬಸಪ್ಪ ರುಮಾಲು ಸರಿಮಾಡಿಕೊಂಡ.

ಬೆರಳು ವಾಸಿಯಾಗಿ ನಿಂಬೆಹಣ್ಣು ತಿಪ್ಪೆ ಸೇರಿತು. ಕಂಠಪ್ಪ ಹಿಗ್ಗಿನಿಂದ ಜಗಲಿಯಲ್ಲಿ ಕೂತು, ಎಲ್ಲ ಬೆರಳನ್ನೂ ಮೊದಲಿನ ಹಾಗೆಯೇ ಅದುಮಿ ಬಾರಿಸತೊಡಗಿದ.

"ಲೇ ಕಂಠಾ! ನಿಲ್ಸಲಾ!"

ಆಲೆಮನೆಯಿಂದ ಅಪ್ಪ ದಾಪುಗಾಲಿಡುತ್ತ ಬರುತ್ತಿದ್ದ. ಕಂಠಪ್ಪ ಗಿಟಾರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಚಿಕ್ಕಬಸಪ್ಪ ದಾರಿಯಲ್ಲಿ ಹಿತ್ತಿಲಿಗೆ ಹೊಕ್ಕು, ಗಿಡದಿಂದ ಏನನ್ನೋ ಕಿತ್ತು ತಂದು ಮಗನ ಮಡಿಲಿಗೆ ಎಸೆದ. ಹಸಿ ನಿಂಬೆಹಣ್ಣು.

"ಮದ್ಲು ಇದ್ನ ಬೆರಳಿಗೆ ಸಿಗಿಸ್ಕ. ಆಮೇಲೆ ಬಾರ್ಸು."