ಮನೆಯೊಳಗಿನ ಪರದೇಶ

ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ, ಗೆರೆಯ ನಡುವೆ ಎರಡು ಕಪ್ಪು ತುಂಡು, ಬಂದಳು, ತಂಗಿಯೇ, ಎಡಗಾಲು ಹೀಗೆ ಓರೆಯಾಗಿ ಊರುವವಳು ಈ ಕಟ್ಟಡದಲ್ಲಿ ಅವಳೊಬ್ಬಳೇ, ಚಿಕ್ಕವಳಿದ್ದಾಗ ಅಕ್ಕನ ಚಪ್ಪಲಿ ಮೆಟ್ಟಿ ಮೆಟ್ಟಿ ಆದ ಅಭ್ಯಾಸ — ಈಗ ನೀರಿನ ಸದ್ದು, ಮೆಟ್ಟಿಲ ಬಳಿಯ ಕುಂಡಗಳಿಗೆ ಸುರಿಯುತ್ತಿದ್ದಾಳೆ, ಅಷ್ಟು ಹಾಕ್ಬೇಡ ಕಣೇ, ಬೇರು ಕೊಳೆಯುತ್ತೆ, ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಅಕ್ಕ ನುಂಗಿಕೊಂಡಳು, ಊರಲ್ಲೇ ಇಲ್ಲದವಳು ಮಾತಾಡುವಂತಿಲ್ಲವಲ್ಲ. ಮೇಜಿನಾಚೆಯಿಂದ ಗಂಡ ತುಟಿಗೆ ಬೆರಳಿಟ್ಟ, ಶ್. ಪರದೇಶದಲ್ಲಿ ನೆಲೆಸೋಕಾಗುತ್ತಾ ಅಂತ ತಿಂಗಳೊಪ್ಪತ್ತು ನೋಡ್ಕೊಂಡು ಬರ್ತೀವಿ ಎಂದು ತಂಗಿಗೆ ಹೇಳಿ, ಸೂಟ್‌ಕೇಸ್ ಹಿಡಿದು ಇಳಿದು, ಅವಳು ಕೆಲಸಕ್ಕೆ ಹೋದ ಮೇಲೆ ಕಳ್ಳರ ಹಾಗೆ ಹಿಂದಿನ ಮೆಟ್ಟಿಲು ಹತ್ತಿ ಬಂದದ್ದು, ಟಿಕೆಟ್ಟಿನ ದುಡ್ಡಲ್ಲಿ ಅಲ್ಲಿ ಎರಡು ತಿಂಗಳು ಬದುಕ್ಬಹುದು ಕಣೇ, ಇಲ್ಲೇ ತಾಲೀಮು ಮಾಡೋಣ, ಅಲ್ಲಿನ ಖರ್ಚಲ್ಲಿ, ಅಲ್ಲಿನ ಥರಾನೇ, ಯಾರ ಪರಿಚಯಾನೂ ಇಲ್ದೆ, ಎಂದಿದ್ದ ಗಂಡ. ಪಾಪ, ಅವನದೇನು ತಪ್ಪು, ಕೈ ನಡುಗತೊಡಗಿದ ಮೇಲೆ ಗಡಿಯಾರ ರಿಪೇರಿಯವನ ಹತ್ತಿರ ಯಾರು ಬರುತ್ತಾರೆ, ಅಂಗಡಿ ಮುಚ್ಚಿತು, ಉಳಿದದ್ದು ಬ್ಯಾಂಕಿನಲ್ಲಿಟ್ಟ ದುಡ್ಡಿನ ಬಡ್ಡಿ, ಅದು ಈ ಮನೆಯ ಬಾಡಿಗೆಗೇ ಸರಿಹೋಗುತ್ತದೆ, ಅಲ್ಲಿ ಬಾಡಿಗೆ ಇಲ್ಲಿನ ಅರ್ಧ, ಮಾತ್ರೆ ಅಗ್ಗ, ಬಸ್ಸು ಅಗ್ಗ, ಕ್ಷೌರ ಮಾತ್ರ ದುಬಾರಿ, ನನ್ನ ತಲೇಲಿ ಕೂದಲೆಲ್ಲಿದೆ, ಅದೂ ಉಳಿತಾಯಾನೇ ಎಂದು ಅವನು ಬೋಳು ತಟ್ಟಿಕೊಂಡಾಗ ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ, ಇವನು ಹಾಸಿಗೆಯನ್ನೇ ಬೇರೆ ದೇಶದಲ್ಲಿ ಹಾಸಲು ಹೊರಟ. ತಾಲೀಮು ಪಾಸಾಗಿದೆ, ದುಡ್ಡು ಸಾಕಾಗಿದೆ, ಕುಕ್ಕರ್ ಕೂಗಿಸಲಿಲ್ಲ, ಟಿವಿ ಹಾಕಲಿಲ್ಲ, ಕೆಮ್ಮು ಬಂದರೆ ದಿಂಬು, ಇವತ್ತು ಸಂಜೆಯೊಳಗೆ ಅಲ್ಲಿನ ಮನೆ ಮಾಲೀಕನಿಗೆ ಮುಂಗಡ ಕಳಿಸಬೇಕು, ನೀನು ಹೂಂ ಅಂದ್ರೆ ಆಯ್ತು, ಎನ್ನುತ್ತಾನೆ.

ಕಪ್ಪು ತುಂಡುಗಳು ಅಲುಗಲಿಲ್ಲ, ಯಾಕೆ ಇನ್ನೂ ನಿಂತಿದ್ದಾಳೆ, ಅವಳು ಕೆಲಸ ಮಾಡುವ ಔಷಧಿ ಅಂಗಡಿ ತೆರೆಯುವ ಹೊತ್ತು ಮೀರಿತು, ಈ ತಿಂಗಳಲ್ಲಿ ಒಂದು ದಿನವೂ ತಡಮಾಡಿದವಳಲ್ಲ, ನೀರು ಹಾಕುವುದು, ಗಿಡಗಳ ಹತ್ತಿರ ಎರಡು ಮಾತು, ನಿಮ್ಮಮ್ಮ ಅಲ್ಲಿ ಮಜವಾಗಿದಾಳೆ ಕಣ್ರೋ, ಆಮೇಲೆ ಓರೆಗಾಲು ಇಳಿದುಹೋಗುವ ಸದ್ದು, ಆ ಎರಡು ಮಾತಿಗಾಗಿಯೇ ಅಕ್ಕ ಬೆಳಿಗ್ಗೆ ಬೆಳಿಗ್ಗೆ ಈ ಬಾಗಿಲಿನ ಒಳಗೆ ಬಂದು ನಿಲ್ಲುತ್ತಿದ್ದದ್ದು, ಗಂಡನಿಗೆ ಗಾಳಿಗೆ ಎಂದಿದ್ದಳು, ಮುಚ್ಚಿದ ಬಾಗಿಲಿನ ಹತ್ತಿರ ಎಂಥ ಗಾಳಿ. ಫೋನ್ ಮಾಡ್ಬೇಡಕ್ಕಾ, ದುಡ್ಡು ದಂಡ, ಬಂದ್ಮೇಲೆ ಎಲ್ಲಾ ಹೇಳುವಂತೆ ಎಂದು ಕಳಿಸಿಕೊಟ್ಟವಳು, ತನ್ನ ಕೋಟನ್ನೂ ಸೂಟ್‌ಕೇಸಿಗೆ ತುರುಕಿದವಳು, ಅಲ್ಲಿ ಚಳಿಯಂತೆ, ಆ ಕೋಟು ಇಲ್ಲೇ ಗೂಟಕ್ಕೆ ನೇತಾಡುತ್ತಿದೆ, ಈಗ ಚಳಿ ಅವಳಿಗೆ — ಬಾಗಿಲಿಗೆ ಸಣ್ಣಗೆ ಗುದ್ದಿದಂತಾಯಿತು, ಗೆರೆ ಪೂರ್ತಿ ಕಪ್ಪಾಯಿತು, ಕೂತಳು, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅಕ್ಕಾ, ನಿನ್ನೆ ನನ್ನ ಕೆಲ್ಸ ಹೋಯ್ತು ಕಣೇ, ಎಂದಳು, ಗಿಡಕ್ಕಲ್ಲ, ಬಾಗಿಲಿಗೆ, ಒಳಗೆ ಯಾರೂ ಇಲ್ಲವೆಂದು ನಂಬಿ ಎಂದಳು, ನೀನು ಬಂದ್ಮೇಲೂ ಹೇಳಲ್ಲ ಬಿಡು, ಹೇಳಿದ್ರೆ ನೀನು ಅಲ್ಲಿ ನೆಲೆಸೋಕೆ ಹೋಗಲ್ಲ. ಅಯ್ಯೋ ನನ್ನ ಕೂಸೇ. ಗಂಡನ ಬೆರಳು ತುಟಿಯಿಂದ ಇಳಿದಿತ್ತು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅಕ್ಕನ ಕೈ ಚಿಲಕದ ಮೇಲೆ, ತೆಗೆದರೆ ಇಷ್ಟು ದಿನ ಒಳಗೇ ಇದ್ದದ್ದು ಗೊತ್ತಾಗುತ್ತದೆ, ಯಾವ ಮುಖ ಹೊತ್ತು ನಿಲ್ಲುವುದು, ತೆಗೆಯದಿದ್ದರೆ ಅವಳು ಎದ್ದು ಕಣ್ಣೊರೆಸಿಕೊಂಡು ಇಳಿದುಹೋಗುತ್ತಾಳೆ, ಸಂಜೆ ಹೂಂ ಅನ್ನುವುದು ಸುಲಭವಾಗುತ್ತದೆ, ಚಿಲಕ ತಣ್ಣಗಿದೆ, ಬಾಗಿಲ ಕೆಳಗೆ ಬೆಳಕಿಲ್ಲ, ಇತ್ತ ಅಕ್ಕನ ಬೆರಳು, ಅತ್ತ ಅವಳ ಬೆನ್ನು, ನಡುವೆ ಆ ಕಪ್ಪು ಗೆರೆ, ಅಳುವಿಗೆ ಒಮ್ಮೆ ಅಲುಗಿ, ಒಂದು ಚೂರು ಬೆಳಕು ಬಿಟ್ಟು, ಮತ್ತೆ ಕಪ್ಪಾಗುವ ಗೆರೆ —