ಮೈಮೂನಬಿಯ ಪಂಜಾ

ನಾನು ಒಂದು ಪಂಜಾ. ಜಮಖಾನೆ ನೇಯುವಾಗ ಅಡ್ಡ ಎಳೆಗಳನ್ನು ಬಡಿದು ಬಿಗಿ ಮಾಡುವ, ಹಲ್ಲುಗಳಿರುವ ಕಬ್ಬಿಣದ ಸಾಧನ. ನವಲಗುಂದದ ಕಂಬಾರನೊಬ್ಬ ನನ್ನನ್ನು ಕಾಯಿಸಿ, ಬಡಿದು, ಹಲ್ಲು ಬಿಡಿಸಿ ಮರದ ಹಿಡಿಕೆ ಹಾಕಿದ. ಕೊಳ್ಳಲು ಬಂದ ಮೈಮೂನಬಿ ನನ್ನ ಒಂದೊಂದು ಹಲ್ಲನ್ನೂ ಉಗುರಿನಿಂದ ಕೆರೆದು ನೋಡಿದಳು. ಮುರಿದದ್ದಕ್ಕೆ ಬೆಸುಗೆ ಹಾಕಿ ಕೊಡುತ್ತಿದ್ದಾನೇನೋ ಎಂಬ ಅನುಮಾನ. ಅಂಥವಳ ಕೈಗೆ ಬಿದ್ದ ಮೇಲೆ ನಾನಾದರೂ ಯಾರನ್ನು ನಂಬಲಿ?

ಮಗ್ಗದ ಮುಂದೆ ಕೂರುವ ಮೊದಲು ಅವಳು ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ನೆರೆಯವರು ಬಂದರೆ ಮಗ್ಗಕ್ಕೆ ಚಾದರ ಹೊದಿಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಅನುಮಾನ ಹೆತ್ತ ಮಗಳು ಜೈತುನಳ ಮೇಲೆ. ಆ ಮನೆತನದಲ್ಲಿ ನೇಯ್ಗೆ ಕಲಿಸುವುದು ಸೊಸೆಗೆ, ಮಗಳಿಗಲ್ಲ. ಮದುವೆಯಾಗಿ ಹೋಗುವವಳು ವಿದ್ಯೆಯನ್ನೂ ಕಟ್ಟಿಕೊಂಡು ಹೋಗುತ್ತಾಳೆಂಬ ಭಯ.

"ನೀ ನಾಳೆ ಬ್ಯಾರೆ ಮನಿಗೆ ಹೋಗಾಕಿ. ಈ ಖೋಲ್ಯಾಗ ಕಾಲಿಡಬ್ಯಾಡ," ಎನ್ನುತ್ತಿದ್ದಳು ಮೈಮೂನಬಿ.

"ಹೂಂ ಅಮ್ಮಾ," ಎಂದು ಹುಡುಗಿ ಚಹಾ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಇಷ್ಟು ಸಾಧು ಹುಡುಗಿ ಎಲ್ಲಾದರೂ ಇರುತ್ತಾಳೆಯೇ? ಒಳಗೊಳಗೇ ಏನೋ ಮಸಲತ್ತು ನಡೆಸಿದ್ದಾಳೆಂದೇ ನನ್ನ ಎಣಿಕೆ.

ಜೈತುನ ಮದುವೆಯಾಗಿ ಗದಗಿಗೆ ಹೋದಳು. ಸೊಸೆ ರೇಷ್ಮಾ ಬಂದಳು. ಕೆಲವು ದಿನ ನನ್ನನ್ನು ಹಿಡಿದು ಬಡಿದವಳು, "ಭುಜ ಬಿದ್ದು ಹೋಗ್ತಾವರಿ ಅತ್ತಿ. ನನಗ ಹೊಲಿಗಿ ಮಷಿನ್ ಸಾಕು," ಎಂದು ಎದ್ದೇ ಹೋದಳು. ಮತ್ತೆ ಮೈಮೂನಬಿ ಒಬ್ಬಳೇ ನೇಯ್ದಳು.

ಜಮಖಾನೆ ಮಾರಲು ಹುಬ್ಬಳ್ಳಿಯ ಕರಕುಶಲ ಮೇಳಕ್ಕೆ ಹೋದೆವು. ಮನೆಯಲ್ಲಿ ಬಿಟ್ಟರೆ ಯಾರಾದರೂ ಮುಟ್ಟಿಯಾರೆಂದು ನನ್ನನ್ನೂ ಚೀಲದಲ್ಲಿ ಹಾಕಿಕೊಂಡಿದ್ದಳು. ಎದುರಿನ ಮಳಿಗೆಯ ಜಮಖಾನೆಗಳ ಮೇಲೆ ನೋಡಿದರೆ ಅವಳದೇ ನವಿಲುಗಳು! ಕತ್ತು ಹಿಂದಕ್ಕೆ ತಿರುಗಿಸಿದ ಆ ನವಿಲನ್ನು ಅವಳ ಹೊರತು ಯಾರೂ ನೇಯುತ್ತಿರಲಿಲ್ಲ.

"ಜೈತುನಂದ ಕೆಲಸ ಇದು," ಎಂದು ಹಲ್ಲು ಕಡಿದಳು. ನನಗೂ ಹೌದೆನಿಸಿತು.

ಹತ್ತಿರ ಹೋಗಿ ಅಂಚು ತಿರುವಿದಳು. ನೇಯ್ದದ್ದಾದರೆ ಎರಡೂ ಮಗ್ಗುಲಿಗೆ ನವಿಲು ಕಾಣಬೇಕು. ಹಿಂದೆ ಏನೂ ಇರಲಿಲ್ಲ. ಮಿಲ್ಲಿನ ಬಟ್ಟೆಯ ಮೇಲೆ ಬಣ್ಣ ಒತ್ತಿದ್ದರು.

"ಹ್ವಾದ ವರ್ಷ ನೀವ ಇಲ್ಲೆ ಹರವಿ ಇಟ್ಟಿದ್ರಲ್ಲರೀ ಅಮ್ಮಾರ," ಎಂದ ಅಂಗಡಿಯವ, ನಗುತ್ತಲೇ. "ಫೋಟೋ ತಗೋತೀನಂದ್ರ ಹೂಂ ಅಂದ್ರಿ."

ಮೈಮೂನಬಿ ಹಿಡಿದಿದ್ದ ಅಂಚನ್ನು ಕೈಬಿಟ್ಟಳು. ಹೆತ್ತ ಮಗಳಿಗೂ ತೋರಿಸದೆ ಕಾಯ್ದದ್ದನ್ನು ನಡುಬಜಾರಿನಲ್ಲಿ ತಾನೇ ಕೊಟ್ಟು ಬಂದಿದ್ದಳು.

ಅದಾಗಿ ಸ್ವಲ್ಪ ಕಾಲಕ್ಕೆ ಅವಳ ಬಲಗೈಗೆ ಲಕ್ವ ಹೊಡೆಯಿತು. ಮಗ್ಗದ ಮೇಲೆ ಜಮಖಾನೆ ಅರ್ಧಕ್ಕೇ ನಿಂತಿತು. ನೋಡಲು ಬಂದ ಜೈತುನಳನ್ನು ಅವಳು ಒಳಗೆ ಕರೆದು, ಮಗ್ಗದ ಮುಂದೆ ಕೂರಿಸಿ, ನನ್ನನ್ನು ಕೈಗಿತ್ತಳು.

"ನನಗ ಬರಂಗಿಲ್ಲ ಅಮ್ಮಾ."

"ನಾಟಕ ಬ್ಯಾಡ. ಕದ್ದು ಕಲ್ತಿರ್ತಿ. ನಾ ಬಯ್ಯಂಗಿಲ್ಲ, ಬಡಿ."

ಜೈತುನ ನನ್ನನ್ನು ತಲೆಕೆಳಗಾಗಿ ಹಿಡಿದಿದ್ದಳು. ಮೈಮೂನಬಿಯ ದನಿ ಇಳಿಯಿತು. "ಬಾಗಲ ಸಂದ್ಯಾಗಿಂದಾದ್ರೂ ನೋಡಿರ್ತಿ. ಒಂದ ಸಲ?"

"ನೀ ಬ್ಯಾಡ ಅಂದಿದ್ದಿಯಲ್ಲಮ್ಮಾ. ನಾ ನೋಡಲೇ ಇಲ್ಲ."

ಮೈಮೂನಬಿ ಮಗಳ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ಬಾಯಲ್ಲಿ ಹೇಳಿಕೊಡಲು ನೋಡಿದಳು. ಕೈಗೆ ಗೊತ್ತಿದ್ದದ್ದು ಮಾತಿಗೆ ಬರಲಿಲ್ಲ. ಜೈತುನ ಗದಗಿಗೆ ಹೊರಟುಹೋದಳು.

ಈಗ ನಾನು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಆ ಹುಡುಗಿ ಒಂದೇ ಒಂದು ಸಲ ತಾಯಿಯ ಮಾತು ಮೀರಿದ್ದರೆ ಸಾಕಿತ್ತು, ನಾನು ಇವತ್ತೂ ಕೆಲಸದಲ್ಲಿರುತ್ತಿದ್ದೆ.